ಮರಳುಗಾಡಿನ ಮೇಲೆ ಎಡಗಡೆಯ ಕಿಟಕಿ

ನಮ್ಮವ್ವನಿಗೆ ಯಲಿಯೂರಿನಲ್ಲಿ ಇಮಾನದ ದೇವೀರಮ್ಮ ಅಂತಲೇ ಹೆಸರು. ಊರಲ್ಲಿ ದೇವೀರಮ್ಮಂದಿರು ಇನ್ನೂ ಇಬ್ಬರು ಮೂವರಿದ್ದರು, ಆದರೆ ವಿಮಾನ ಹತ್ತಿದವಳು ಇವಳೊಬ್ಬಳೇ. ಮದುವೆ ಮನೆಯಲ್ಲಿ, ಕಬ್ಬು ಕಡಿಯುವ ಕಡೆ, ಮಂಡ್ಯದ ಸಂತೆಗೆ ಹೊರಟ ಗಾಡಿಯಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಯಾರಾದರೊಬ್ಬರು ಕೆಣಕದೆ ಬಿಡುತ್ತಿರಲಿಲ್ಲ. "ಇಮಾನದವ್ನಿಗೆ ಒಸಿ ಕೆಳಕ್ಕಿಳ್ಸಪ್ಪ ಅಂದ್ಯಂತಲ್ಲವ್ವ, ಅದನ್ನ ಏಳು ಮತ್ತೆ." ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವರು. ಜಟಕಾದವನಿಗೆ ಹೇಳುವ ಹಾಗೆ ವಿಮಾನದವನಿಗೆ ಹೇಳಿದಳಂತೆ. ಮರಳುಗಾಡು ಚೆನ್ನಾಗಿ ಕಾಣಲಿ ಅಂತ ಹ್ಯಾಟು ಹಾಕಿದ ದೊಡ್ಡ ಮನುಷ್ಯನನ್ನು ಕಿಟಕಿ ಪಕ್ಕದಿಂದ ಎಬ್ಬಿಸಿದಳಂತೆ. ಅವ್ವನೂ ಅವರ ಜೊತೆ ನಕ್ಕು ಸುಮ್ಮನಾಗುತ್ತಿದ್ದಳು. ಅಪ್ಪ ಮಾತ್ರ ಆ ಮಾತು ಬಂದರೆ ಎದ್ದು ಕೊಟ್ಟಿಗೆಯ ಕಡೆ ಹೋಗಿಬಿಡುತ್ತಿದ್ದ.

ನನಗೆ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಮರಳುಗಾಡು ನೋಡುವ ಆಸೆಯಂತೆ, ಆಸೆ. ಆವತ್ತು ಅವಳ ಹೊಟ್ಟೆಯಲ್ಲಿ ಆಸೆ ಇರಲಿಲ್ಲ, ಭಯವಿತ್ತು. ಗಂಡ ಉಳಿಯುತ್ತಾನೋ ಇಲ್ಲವೋ ಅನ್ನುವ ಭಯ. ಅವಳ ಮಡಿಲಲ್ಲಿ ಮಲಗಿ ಅದೇ ವಿಮಾನದಲ್ಲಿ ಬಂದ ಐದು ತಿಂಗಳ ಕೂಸು ನಾನು. ನನಗೆ ಏನೂ ನೆನಪಿಲ್ಲ ನಿಜ, ಆದರೆ ಅವ್ವನ ಬಾಯಿಂದ ಎಷ್ಟೋ ಸಲ, ಅಪ್ಪನ ಬಾಯಿಂದ ಒಂದು ಸಲ ಕೇಳಿದ್ದೇನೆ. ಎರಡನ್ನೂ ಸೇರಿಸಿ ಬರೆಯುತ್ತೇನೆ. ನಗುವವರು ಆಮೇಲೂ ನಗುವುದಾದರೆ ನಗಲಿ.

ಅವ್ವ ಹುಟ್ಟಿದ್ದು ಯಲಿಯೂರಿನಲ್ಲೇ. ತಾತ ದೊಡ್ಡಸಿದ್ದಯ್ಯನ ಹೊಲ ರೈಲು ಹಳಿಗೆ ಅಂಟಿಕೊಂಡೇ ಇತ್ತು. ನಾಲೆಯ ನೀರು ಬಂದು ರಾಗಿ ಹೊಲಗಳೆಲ್ಲ ಗದ್ದೆಯಾದ ಮೇಲೆ ತಾತನಿಗೂ ಬಿಡುವಿಲ್ಲ, ಅವ್ವನಿಗೂ ಇಲ್ಲ. ಗದ್ದೆಯಲ್ಲಿ ಬಗ್ಗಿದವರಿಗೆ ಹೊತ್ತು ಹೇಳುತ್ತಿದ್ದದ್ದು ರೈಲು. ಮಂಡ್ಯ ಬಿಟ್ಟ ಗಾಡಿಯ ಹೊಗೆ ದೂರದಿಂದಲೇ ಕಾಣುತ್ತಿತ್ತು. ಹೊಗೆ ಹಿಂದಕ್ಕೆ ಒರಗಿದ್ದರೆ ಗಾಡಿ ಓಡುತ್ತಿದೆ. ನೆಟ್ಟಗೆ ಮೇಲಕ್ಕೆ ಎದ್ದಿದ್ದರೆ ಎಲ್ಲೋ ನಿಂತುಬಿಟ್ಟಿದೆ, ಎಮ್ಮೆ ಅಡ್ಡ ಬಂದಿರಬೇಕು, ಇಲ್ಲವೇ ಕೈಮರ ಬಿದ್ದಿಲ್ಲ, ಬುತ್ತಿ ಬಿಚ್ಚುವುದು ತಡ. ಇಷ್ಟೇ ಅವಳ ರೈಲು ವಿದ್ಯೆ. ಆ ಸೀಮೆಯಲ್ಲಿ ಎಮ್ಮೆ ಕಾಯುವವರಿಗೆಲ್ಲ ಅಷ್ಟು ಗೊತ್ತಿತ್ತು.

ನಮ್ಮವ್ವ ಧೈರ್ಯವಂತೆ ಅಂತ ನಾನು ಸುಳ್ಳು ಹೇಳಲಾರೆ. ಅವಳಷ್ಟು ಪುಕ್ಕಲು ಹೆಂಗಸನ್ನು ನಾನು ನೋಡಿಲ್ಲ. ಹಲ್ಲಿ ಲೊಚಗುಟ್ಟಿದರೆ ಹೊರಟ ಕಾಲನ್ನು ಒಳಕ್ಕೆ ಎಳೆದುಕೊಳ್ಳುವಳು. ಬಾವಿಯಲ್ಲಿ ನೀರು ಸೇದುವಾಗ ಕಣ್ಣು ಮುಚ್ಚಿಕೊಳ್ಳುವಳು. ಪೋಲೀಸಿನವರು ದಾರಿಯಲ್ಲಿ ಹೋದರೂ ಸಾಕು, ನಾವು ಏನು ಮಾಡಿದೆವಪ್ಪಾ ಅಂತ ಅವಳ ಎದೆ ಹೊಡೆದುಕೊಳ್ಳುವುದು. ಇಂಥವಳನ್ನು ಮಳವಳ್ಳಿ ಕಡೆಯ ಹುಚ್ಚೀರಯ್ಯನಿಗೆ ಕೊಟ್ಟು ಮದುವೆ ಮಾಡಿದರು. ಹುಚ್ಚೀರಯ್ಯ ಅಂದರೆ ನಮ್ಮಪ್ಪ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ಯಾವ ಎಂಜಿನ್ನನ್ನಾದರೂ ಬಿಚ್ಚಿ ಮತ್ತೆ ಕಟ್ಟುವವನು, ಆದರೆ ಮನೆಯಲ್ಲಿ ಕುಂಡಿ ಊರಿ ಕೂರುವವನಲ್ಲ. ಯುದ್ಧದ ಕಾಲಕ್ಕೆ ಮಿಲಿಟರಿ ಲಾರಿ ರಿಪೇರಿ ಮಾಡುವವರು ಬೇಕು ಅಂತ ಸಾರಿದಾಗ ಹೆಸರು ಕೊಟ್ಟ. ಅವನನ್ನು ಕರಾಚಿಗೆ ಹಾಕಿದರು. ಎರಡು ವರ್ಷ ಆದ ಮೇಲೆ ಬಂದು ಅವ್ವನನ್ನೂ ಕರೆದುಕೊಂಡು ಹೋದ. ಬೆಂಗಳೂರನ್ನೇ ನೋಡದಿದ್ದವಳು ಕರಾಚಿ ಸೇರಿದಳು.

ಅಲ್ಲಿ ಅವಳು ಎರಡು ವರ್ಷ ಇದ್ದಳು. ಸಾಲು ಮನೆಗಳಲ್ಲಿ ಒಂದು ಮನೆ, ಮುಂದೆ ಒಂದು ನಲ್ಲಿ. ಭಾಷೆ ಬಾರದಿದ್ದರೂ ಪಕ್ಕದ ಮನೆಯ ಮುಸಲ್ಮಾನರ ಮುದುಕಿಯ ಜೊತೆ ಕೈಸನ್ನೆಯಲ್ಲೇ ಸಂಸಾರದ ಮಾತೆಲ್ಲ ಆಡುತ್ತಿದ್ದಳು. ನಾನು ಹುಟ್ಟಿದಾಗ ಬಾಣಂತನ ಮಾಡಿದವಳೂ ಆ ಮುದುಕಿಯೇ. ನಾನು ಬೋರಲು ಬೀಳುವ ಹೊತ್ತಿಗೆ ದೇಶ ಎರಡಾಯಿತು. ಆಮೇಲೆ ಬಾಗಿಲು ಹಾಕಿಕೊಂಡು ಕೂರುವುದೇ ಕೆಲಸವಾಯಿತು. ಬೀದಿಯಲ್ಲಿ ಯಾರಾದರೂ ಜೋರಾಗಿ ಓಡಿದರೆ ಅವ್ವ ನನ್ನ ಬಾಯಿಗೆ ಮೊಲೆ ಕೊಟ್ಟು ಮೂಲೆಯಲ್ಲಿ ಕೂರುತ್ತಿದ್ದಳು, ಕೂಸು ಅತ್ತರೆ ಮನೆಯಲ್ಲಿ ಜನ ಇದ್ದಾರೆಂದು ಗೊತ್ತಾಗುತ್ತದೆ ಅಂತ. ಆಗಲೂ ಬಂದು ಕದ ತಟ್ಟಿ ಹಾಲು ಕೊಟ್ಟು ಹೋಗುತ್ತಿದ್ದವಳು ಆ ಮುದುಕಿ. ಅವಳ ಮಗ ದಿಲ್ಲಿಯಲ್ಲಿದ್ದ. ಅವನು ಏನಾದನೋ ಅಂತ ಅವಳೂ ಹೊಸಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳಂತೆ.

ಅಪ್ಪನ ವರ್ಕ್‌ಷಾಪನ್ನು ಜೋಧಪುರಕ್ಕೆ ಸಾಗಿಸಬೇಕೆಂದು ಹುಕುಂ ಬಂತು. ಯಂತ್ರಗಳ ಜೊತೆ ಗಂಡಸರು ರೈಲಿನಲ್ಲಿ ಹೋಗಬೇಕು. ಹೆಂಗಸರು, ಕೂಸುಗಳು ವಿಮಾನದಲ್ಲಿ. ಅವ್ವ ಒಲ್ಲೆ ಅಂದಳು. ಸತ್ತರೆ ಮೂವರೂ ಒಂದೇ ಕಡೆ ಸಾಯೋಣ ಅಂದಳು. ಅಪ್ಪ ಬೈದ, ಆಮೇಲೆ ಸಮಾಧಾನ ಮಾಡಿದ. ಯಾವುದಕ್ಕೂ ಬಗ್ಗದಿದ್ದಾಗ ಒಲೆಯಿಂದ ಒಂದು ಇದ್ದಿಲ ಚೂರು ತೆಗೆದುಕೊಂಡು ಬಂದು ನೆಲದ ಮೇಲೆ ಗೆರೆ ಎಳೆದ.

"ಇಗಾ ನೋಡಮ್ಮಿ, ಇದು ಕರಾಚಿ. ಇದು ಜೋಧಪುರ. ನೀನು ಮೂಡ್ಲಾಗಿ ಮಕ ಮಾಡ್ಕಂಡು ಓಯ್ತೀಯ. ನನ್ ರೈಲು ಇಂಗೆ ಬಡಗ್ಲಿಂದ ಸುತ್ತಾಕ್ಕಂಡು ಬತ್ತದೆ. ಅಂದ್ರೆ ನಾನು ನಿನ್ನ ಎಡಗೈ ಕಡೆ ಇರ್ತೀನಿ. ಎಡಗಡೆ ಕಿಟ್ಕಿಗೇ ಕುಂತ್ಕೊ."

"ಎಡಕ್ಕಾ? ಬ್ಯಾಡ ಕಣಿ. ದೂರದ ಪಯಣಕ್ಕೆ ಒಂಟೋರು ಯಾರಾರ ಎಡಕ್ಕೆ ಕುಂತ್ಕತಾರಾ?"

"ಧಾರೇಲಿ ನನ್ ಎಡಕ್ಕೇ ಕುಂತಿದ್ದೆಲ್ಲ, ಏನಾಯ್ತು?"

"ಏನಾಯ್ತು ಅಂತ ಕಾಣ್ತಾ ಅದಲ್ಲ," ಅಂದಳಂತೆ ಅವ್ವ, ಅಷ್ಟು ಭಯದಲ್ಲೂ.

ಅಪ್ಪ ನಕ್ಕು ಇದ್ದಿಲು ಕೆಳಗಿಟ್ಟ. "ಮೇಲಿಂದ ರೈಲು ಕಂಡೇ ಕಾಣ್ತದೆ. ಇಂದ್ಗಡೆ ಮೂರು ತೆರೆದ ಡಬ್ಬಿ ಇರ್ತದೆ, ಮಿಷಿನ್ನುಗಳು, ಕಪ್ಪು ಟಾರ್ಪಾಲು ಒದ್ಸಿರ್ತರೆ. ಅದೇ ನಮ್ದು. ನಾನೂ ಮೇಲಕ್ಕೇ ನೋಡ್ತಿರ್ತೀನಿ. ಇಮಾನ ಕಂಡೇಟ್ಗೆ ಟವಲ್ಲು ಬೀಸ್ತೀನಿ. ಕಂಡ್ಮೇಲೆ ನಿಂಗೂ ನೆಮ್ದಿ, ನಂಗೂ ನೆಮ್ದಿ."

ಎಂಜಿನ್ನು ಬಲ್ಲ ಅಪ್ಪನಿಗೂ ಆಕಾಶದಿಂದ ನೆಲ ಎಷ್ಟು ದೂರ ಅನ್ನುವುದು ಗೊತ್ತಿರಲಿಲ್ಲ ನೋಡಿ. ಮನೆಯ ಮಾಳಿಗೆ ಹತ್ತಿ ಬೀದಿ ನೋಡಿದ ಹಾಗೆ ಇರುತ್ತದೆ ಅಂದುಕೊಂಡಿದ್ದ. ಅವ್ವನೂ ಹಾಗೇ ನಂಬಿದಳು. ಆ ದಿನಗಳಲ್ಲಿ ರೈಲುಗಳನ್ನು ನಡುದಾರಿಯಲ್ಲಿ ನಿಲ್ಲಿಸಿ ಒಳಗಿದ್ದವರನ್ನು ಕಡಿದುಹಾಕುತ್ತಾರೆ ಅನ್ನುವ ಸುದ್ದಿ ಎರಡೂ ಕಡೆಯಿಂದ ದಿನಾ ಬರುತ್ತಿತ್ತು. ಆ ಮಾತನ್ನು ಅಪ್ಪನೂ ಎತ್ತಲಿಲ್ಲ, ಅವ್ವನೂ ಎತ್ತಲಿಲ್ಲ. ಬಾಯಿಂದ ಆಡಿದರೆ ಎಲ್ಲಿ ನಿಜವಾಗುತ್ತದೋ ಅಂತ ಇಬ್ಬರಿಗೂ ಭಯ. ಎಡಗಡೆಯ ಕಿಟಕಿ ಅಂತ ಮಾತ್ರ ಮತ್ತೆ ಮತ್ತೆ ಹೇಳಿಕೊಂಡರು.

ಅಪ್ಪನ ರೈಲು ಹಿಂದಿನ ದಿನವೇ ಹೊರಟಿತು. ಮಾರನೆಯ ಬೆಳಿಗ್ಗೆ ಅವ್ವನನ್ನು ಲಾರಿಯಲ್ಲಿ ವಿಮಾನದ ಬಯಲಿಗೆ ಕರೆದುಕೊಂಡು ಹೋದರು. ವಿಮಾನದ ಏಣಿಯ ಮೇಲೆ ಬಲಗಾಲು ಇಟ್ಟವಳು ಮುಂದಕ್ಕೆ ಹೋಗಲಾರದೆ ನಿಂತುಬಿಟ್ಟಳಂತೆ. ಹಿಂದಿನವರು ತಳ್ಳಿದ್ದರಿಂದ ಒಳಗೆ ಹೋದಳು. ಒಳಗೆ ಎರಡು ಕಡೆಯೂ ಸೀಟುಗಳ ಸಾಲು, ನಡುವೆ ಇಕ್ಕಟ್ಟಾದ ದಾರಿ. ಎಡಗಡೆಯಲ್ಲಿ ನೆಲ ಸರಿಯಾಗಿ ಕಾಣುವ ಕಿಟಕಿ ಒಂದೇ ಇತ್ತು, ಉಳಿದವುಗಳ ಮುಂದೆ ರೆಕ್ಕೆ ಅಡ್ಡವಿತ್ತು. ಆ ಜಾಗದಲ್ಲಿ ಹ್ಯಾಟು ಹಾಕಿದ ಒಬ್ಬರು ಕೂತಿದ್ದರು. ದೊಡ್ಡ ಸಾಹೇಬರೇ ಇರಬೇಕು, ಕೋಟಿನ ಮೇಲೆ ಗಡಿಯಾರದ ಸರಪಣಿ ಇತ್ತು ಅನ್ನುತ್ತಿದ್ದಳು ಅವ್ವ.

ಪೋಲೀಸಿನವನನ್ನು ಕಂಡರೆ ನಡುಗುವವಳು ಅವರ ಮುಂದೆ ಹೋಗಿ ನಿಂತಳು. "ಏಳಪ್ಪ, ನಾನಲ್ಲಿ ಕೂರ್ಬೇಕು," ಅಂದಳು, ಕನ್ನಡದಲ್ಲೇ. ಅವರು ಪಕ್ಕದ ಸೀಟು ತೋರಿಸಿದರು. ಇವಳು ತಲೆ ಅಲ್ಲಾಡಿಸಿದಳು. ಅವರು ಇಂಗ್ಲೀಷಿನಲ್ಲಿ ಏನೋ ರೇಗಿದರು. ಇವಳು ಅಲ್ಲಾಡಲಿಲ್ಲ. ನಾನು ಅಳುವುದಕ್ಕೆ ಶುರು ಮಾಡಿದೆನಂತೆ. ಹಿಂದಿನ ಸೀಟಿನಿಂದ ಒಬ್ಬಳು ದಾದಿ ಎದ್ದು ಬಂದಳು. ಕಾರವಾರದ ಕಡೆಯವಳು, ಕನ್ನಡ ಬರುತ್ತಿತ್ತು.

"ಏನು ತಂಗಿ, ಕಿಟಕಿಯಿಂದ ಏನು ನೋಡೂದದೆ? ಪೂರಾ ಮರಳೇ."

"ನಮ್ಮನೆಯವ್ರು ರೈಲಲ್ಲಿ ಬತ್ತಾವ್ರೆ ಕಣಕ್ಕ. ಎಡಗಡೆ ಕಿಟ್ಕಿಗೇ ಕೂರಕ್ಕೇಳವ್ರೆ. ನಾನು ಕಾಣ್ದೆ ಓದ್ರೆ ಅವ್ರಿಗೆ ಏನೋ ಆಯ್ತದೆ."

ಆ ಕೊನೆಯ ಮಾತು ಯಾಕೆ ಬಂತೋ ಅವಳಿಗೇ ಗೊತ್ತಿಲ್ಲ. ಆದರೆ ಆಡಿದ ಮೇಲೆ ಅದೇ ನಿಜ ಅನ್ನಿಸಿಬಿಟ್ಟಿತಂತೆ. ಕಂಡರೆ ಉಳಿಯುತ್ತಾನೆ, ಕಾಣದಿದ್ದರೆ ಇಲ್ಲ. ದಾದಿ ಆ ಸಾಹೇಬರಿಗೆ ಏನು ಹೇಳಿದಳೋ, ಅವರು ಹ್ಯಾಟು ತೆಗೆದು ಎದ್ದು ಜಾಗ ಬಿಟ್ಟರು. ಊರಿನವರು ಜಗಳ ಅನ್ನುತ್ತಾರಲ್ಲ, ಆ ಜಗಳ ಇಷ್ಟೇ.

ವಿಮಾನ ಮೇಲೆದ್ದಾಗ ಅವ್ವ ಮಾದಪ್ಪನ ಹೆಸರು ಹೇಳಿಕೊಳ್ಳುತ್ತಾ ಕಣ್ಣು ಮುಚ್ಚಿಕೊಂಡಳು. ಆದರೆ ನೋಡಬೇಕಲ್ಲ, ನೋಡುವುದಕ್ಕೆ ಅಂತಲೇ ಕೂತಿರುವುದು. ಕಣ್ಣು ಬಿಟ್ಟಳು. ಕೆಳಗೆ ಊರು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಆಮೇಲೆ ಇಲ್ಲವಾಗಿ ಹೋಯಿತು. ಅಲ್ಲಲ್ಲಿ ಕಂಡ ಒಂಟೆಗಳು ಇರುವೆಗಿಂತ ಸಣ್ಣವು. ಒಂಟೆಯೇ ಹೀಗಾದರೆ ಮನುಷ್ಯನ ಮುಖ ಹೇಗೆ ಕಂಡೀತು? ಟವಲ್ಲು ಹೇಗೆ ಕಂಡೀತು? ತಾನೂ ಗಂಡನೂ ನೆಲದ ಮೇಲೆ ಗೆರೆ ಎಳೆದುಕೊಂಡು ಮಾಡಿದ ಲೆಕ್ಕವೆಲ್ಲ ಸುಳ್ಳು ಅಂತ ಅವಳಿಗೆ ಅಲ್ಲೇ ಗೊತ್ತಾಯಿತು. ಯಾರಿಗೆ ಹೇಳುವುದು? ಅಪ್ಪ ಕೆಳಗೆ ಎಲ್ಲೋ ಕತ್ತು ಎತ್ತಿಕೊಂಡು ಕೂತಿದ್ದ.

ಹೊಲ ಗದ್ದೆಗಳು ಮುಗಿದು ಮರಳು ಶುರುವಾಯಿತು. ಸಾಲು ಸಾಲಾಗಿ ಎದ್ದ ಮರಳಿನ ದಿಬ್ಬಗಳು. ಅವ್ವನಿಗೆ ಅವು ಉತ್ತ ಹೊಲದ ಹಾಗೆ ಕಂಡವು. ಕಣ್ಣು ಹಾಯುವಷ್ಟು ದೂರ ಉತ್ತಿದ್ದಾರೆ, ಒಂದು ಕಾಳೂ ಬಿತ್ತಿಲ್ಲ.

"ಈಟೊಂದು ಉತ್ಬುಟ್ಟು ಯಾಕಕ್ಕ ಅಂಗೇ ಬುಟ್ಟವ್ರೆ? ಉತ್ತೋರೆಲ್ಲ ಎಲ್ಲೋದ್ರು?" ಅಂತ ದಾದಿಯನ್ನು ಕೇಳಿದಳು.

"ಅದು ಉತ್ತದ್ದಲ್ಲ, ಗಾಳಿಯಿಂದ ಆದದ್ದು. ಅಲ್ಲಿ ಜನ ಇಲ್ಲ," ಅಂದಳು ದಾದಿ.

ಉತ್ತವರು ಓಡಿಹೋಗಿದ್ದಾರೆ ಅಂತಲೇ ಅವ್ವ ತಿಳಿದಳು. ಆ ವರ್ಷ ಎಲ್ಲರೂ ಎಲ್ಲಿಂದಲೋ ಓಡುತ್ತಿದ್ದರಲ್ಲ.

ಕೊನೆಗೆ ಹಳಿ ಕಂಡಿತು. ಕೌದಿಗೆ ಹಾಕಿದ ಹೊಲಿಗೆಯ ಹಾಗೆ, ಸಣ್ಣಗೆ, ಎಡಗಡೆಯಲ್ಲೇ. ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಅವ್ವ ಅದರ ಮೇಲೆ ಕಣ್ಣು ಇಟ್ಟವಳು ರೆಪ್ಪೆ ಮಿಟುಕಿಸಲಿಲ್ಲ. ನಾನು ಒದ್ದೆ ಮಾಡಿಕೊಂಡು ಅಳುತ್ತಿದ್ದರೂ ನೋಡಲಿಲ್ಲ. ಹಳಿ ಇತ್ತು, ರೈಲು ಇರಲಿಲ್ಲ. ನೋಡುತ್ತಾ ನೋಡುತ್ತಾ ಹಳಿ ವಿಮಾನದ ಹತ್ತಿರಕ್ಕೆ ಬಂತು, ಇನ್ನೂ ಹತ್ತಿರಕ್ಕೆ ಬಂತು, ಕೆನ್ನೆಯನ್ನು ಗಾಜಿಗೆ ಒತ್ತಿದರೂ ಕಾಣದ ಹಾಗೆ ಹೊಟ್ಟೆಯ ಕೆಳಗೆ ಹೋಗಿಬಿಟ್ಟಿತು. ಮತ್ತೆ ಈ ಕಡೆಗೆ ಬರಲಿಲ್ಲ.

ಅಪ್ಪನ ಇದ್ದಿಲ ಗೆರೆಯಲ್ಲಿ ಇದು ಇರಲಿಲ್ಲ. ಅರ್ಧ ದಾರಿಯ ತನಕ ಎಡಗಡೆ ಇದ್ದ ಹಳಿ ಅಲ್ಲಿಂದ ಮುಂದೆ ಬಲಗಡೆಗೆ ದಾಟುತ್ತದೆ ಅನ್ನುವುದು ಅವನಿಗೆ ತಿಳಿದಿರಲಿಲ್ಲ. ಅವ್ವ ಸ್ವಲ್ಪ ಹೊತ್ತು ಕಾದಳು. ಇಷ್ಟು ಬಡಿದಾಡಿ ಹಿಡಿದ ಜಾಗ ಯಾವ ಪ್ರಯೋಜನಕ್ಕೂ ಬರಲಿಲ್ಲ, ರೈಲು ಆ ಕಡೆಯಲ್ಲಿ ಹೋಗುತ್ತಿದೆ, ತಾನು ಈ ಕಡೆಯಲ್ಲಿ ಕೂತಿದ್ದೇನೆ.

ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಬಿಚ್ಚಲು ಬರಲಿಲ್ಲ. ಅದರ ಕೆಳಗಿನಿಂದಲೇ ನುಸುಳಿ ಎದ್ದಳು. ಕಾಲ ಕೆಳಗೆ ನೆಲ ನಡುಗುತ್ತಿತ್ತು. ನನ್ನನ್ನು ಎದೆಗೆ ಅವುಚಿಕೊಂಡು, ಯಾರ ಹೆಗಲು ಸಿಕ್ಕರೆ ಆ ಹೆಗಲು ಹಿಡಿದುಕೊಂಡು ಬಲಗಡೆಗೆ ದಾಟಿದಳು. ಅದು ನಾಲ್ಕು ಹೆಜ್ಜೆಯ ದಾರಿ, ಆದರೆ ತೂಗುವ ಹಗ್ಗದ ಮೇಲೆ ನಡೆದ ಹಾಗಾಯಿತು ಅನ್ನುತ್ತಿದ್ದಳು. ಕಿಟಕಿಯ ಹತ್ತಿರ ಒಬ್ಬಳು ಸಿಂಧಿ ಮುದುಕಿ ಇದ್ದಳು. ಏನೂ ಕೇಳದೆ ಮಂಡಿ ಮಡಿಸಿಕೊಂಡು ಜಾಗ ಮಾಡಿದಳು.

ಅಲ್ಲಿಂದ ಕಂಡಿತು. ಮೊದಲು ಹೊಗೆ, ಆಮೇಲೆ ರೈಲು. ಹಿಂದೆ ಮೂರು ಕಪ್ಪು ಡಬ್ಬಿ.

ಅವ್ವನ ಬಾಯಿಗೆ ನಗು ಬಂತಂತೆ. ಬಂದದ್ದು ಅಲ್ಲೇ ಸತ್ತಿತು. ಹೊಗೆ ಒರಗಿರಲಿಲ್ಲ. ನೆಟ್ಟಗೆ ಮೇಲಕ್ಕೆ ಎದ್ದಿತ್ತು.

"ನಿಂತದೆ," ಅಂದಳು. "ಅಕ್ಕಾ, ರೈಲು ನಿಂತದೆ."

ದಾದಿ ಬಂದು ಬಗ್ಗಿ ನೋಡಿದಳು. "ಸ್ಟೇಶನ್ ಇರಬೇಕು ತಂಗಿ."

"ಎಲ್ಲದೆ ಟೇಸನ್ನು? ಒಂದು ಮನೆ ಇಲ್ಲ, ಒಂದು ಮರ ಇಲ್ಲ. ನಡುದಾರೀಲಿ ನಿಲ್ಸವ್ರೆ ಕಣಕ್ಕ. ನಿಲ್ಸವ್ರೆ."

ಅಲ್ಲಿದ್ದ ಎಷ್ಟೋ ಹೆಂಗಸರ ಗಂಡಂದಿರು ಅದೇ ರೈಲಿನಲ್ಲಿದ್ದರು. ಕನ್ನಡ ಅರ್ಥವಾಗದಿದ್ದರೂ ಅವ್ವನ ದನಿ ಅವರಿಗೆ ಅರ್ಥವಾಯಿತು. ಒಬ್ಬೊಬ್ಬರಾಗಿ ಎದ್ದು ಬಲಗಡೆಗೆ ಬಂದರು. ಅವ್ವ ದಾದಿಯ ಕೈ ಹಿಡಿದುಕೊಂಡು ಊರವರೆಲ್ಲ ನಗುವ ಆ ಮಾತು ಆಡಿದಳು. "ಇಮಾನ ಒಸಿ ನಿಲ್ಸಕ್ಕೇಳಕ್ಕ."

"ವಿಮಾನ ಹಾಂಗೆಲ್ಲ ನಿಲ್ಲೂದಿಲ್ಲ ತಂಗಿ."

"ನಿಲ್ಲದಿದ್ರೆ ಬ್ಯಾಡ. ಒಸಿ ಕೆಳಕ್ಕಾರ ಇಳ್ಸಕ್ಕೇಳು. ಮಕ ಕಾಣಂಗೆ."

ದಾದಿ ನಗಲಿಲ್ಲ. ಯಲಿಯೂರಿನವರು ನಗುತ್ತಾರೆ, ಆ ಹೆಣ್ಣುಮಗಳು ನಗಲಿಲ್ಲ, ಅದನ್ನು ಬರೆದಿಡಬೇಕು. ಅವಳು ಮುಂದಕ್ಕೆ ಹೋಗಿ ವಿಮಾನ ನಡೆಸುವವನ ಬಾಗಿಲು ಬಡಿದಳು.

ನಡೆಸುವವನು ಒಳ್ಳೆಯವನು. ನಿಂತ ರೈಲನ್ನು ಅವನೂ ನೋಡಿದ್ದ. ಹತ್ತಿರದಿಂದ ಕಂಡರೆ ಜೋಧಪುರದಲ್ಲಿ ಸುದ್ದಿ ಮುಟ್ಟಿಸಬಹುದು ಅಂದುಕೊಂಡನೋ, ಹೆಂಗಸರ ಮೇಲೆ ಕರುಣೆ ಬಂತೋ, ವಿಮಾನವನ್ನು ಒಂದು ಸುತ್ತು ತಿರುಗಿಸಿ ಕೆಳಕ್ಕೆ ಇಳಿಸಿದ. ಒಂದು ಪಕ್ಕಕ್ಕೆ ವಾಲಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಅವ್ವ ಮಾತ್ರ ಕಿಟಕಿ ಬಿಡಲಿಲ್ಲ.

ರೈಲು ದೊಡ್ಡದಾಗುತ್ತಾ ಬಂತು. ಸುತ್ತ ಜನ ಕಂಡರು. ಎಂಜಿನ್ನಿನ ಮುಂದೆ ಗುಂಪು ಬಗ್ಗಿಕೊಂಡು ಏನೋ ಮಾಡುತ್ತಿತ್ತು. ಬದುಕಿದ್ದಾರೆ, ಅಲ್ಲಾಡುತ್ತಿದ್ದಾರೆ. ಅವ್ವ ಬಿಳಿ ಟವಲ್ಲು ಹುಡುಕಿದಳು. ಇನ್ನು ಸ್ವಲ್ಪ ಇಳಿದರೆ ಮುಖ ಕಾಣುತ್ತದೆ. ಇನ್ನು ಸ್ವಲ್ಪ.

ಆಗ ಆ ಜನ ಇಲ್ಲವಾದರು. ಎಲ್ಲರೂ ಒಟ್ಟಿಗೆ ರೈಲಿನ ಕಡೆ ಚೆಲ್ಲಾಪಿಲ್ಲಿಯಾಗಿ ಓಡಿದ್ದಷ್ಟೇ ಕಂಡಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮರಳಿನ ಮೇಲೆ ಒಬ್ಬನೂ ಇಲ್ಲ. ರೈಲು ಇದೆ, ಹೊಗೆ ಇದೆ, ಮನುಷ್ಯರಿಲ್ಲ.

"ಇದ್ರಲ್ಲ," ಅಂದಳು ಅವ್ವ. "ಈಗ್ಲೇ ಇದ್ರಲ್ಲಕ್ಕ."

ಯಾರೋ ಅವರ ಮೇಲೆ ಬಿದ್ದಿರಬೇಕು, ಯಾವುದೋ ದಿಬ್ಬದ ಮರೆಯಿಂದ ಗುಂಡು ಹಾರಿಸಿರಬೇಕು, ಇಲ್ಲದಿದ್ದರೆ ಅಷ್ಟು ಜನ ಯಾಕೆ ಹಾಗೆ ಓಡುತ್ತಾರೆ? ನಡೆಸುವವನಿಗೂ ಹಾಗೇ ಅನ್ನಿಸಿತೋ ಏನೋ, ವಿಮಾನವನ್ನು ದಡಕ್ಕನೆ ಮೇಲಕ್ಕೆ ಎತ್ತಿಬಿಟ್ಟ. ಒಬ್ಬಳು ಹೆಂಗಸು ಕೂಗಿಕೊಂಡಳು, ಅವಳ ಹಿಂದೆ ಎಲ್ಲರೂ. ಅವ್ವ ಮಾತ್ರ ಅಳಲಿಲ್ಲ. ಅಳುವುದು ಗೊತ್ತಾಗಲಿಲ್ಲ ಅನ್ನುತ್ತಿದ್ದಳು. ಜೋಧಪುರ ಬಂದು, ಎಲ್ಲರೂ ಇಳಿದ ಮೇಲೂ ಆ ಗಾಜಿನ ಮುಂದೆಯೇ ಕೂತಿದ್ದವಳನ್ನು ದಾದಿ ತೋಳು ಹಿಡಿದು ಇಳಿಸಿದಳು.

ಹೆಂಗಸರಿಗೆ ಒಂದು ಧರ್ಮಛತ್ರದಲ್ಲಿ ಜಾಗ ಕೊಟ್ಟಿದ್ದರು. ಅವ್ವ ಅಲ್ಲಿ ನಿಲ್ಲದೆ ನನ್ನನ್ನು ಎತ್ತಿಕೊಂಡು ರೈಲು ನಿಲ್ದಾಣಕ್ಕೆ ಬಂದು ಪ್ಲಾಟ್‌ಫಾರಂ ಮೇಲೆ ಕೂತಳು. ಪಾಪ ಆ ದಾದಿ ಜೊತೆಗೆ ಬಂದು ಕೂತಳು. ರೈಲಿನ ಸುದ್ದಿ ಕೇಳಿದರೆ ಒಬ್ಬ ಬರುತ್ತದೆ ಅಂದ. ಇನ್ನೊಬ್ಬ ಬರುವುದಿಲ್ಲ ಅಂದ. ಮೂರನೆಯವನು ಬಾಯಲ್ಲಿ ಏನೂ ಹೇಳದೆ ಕತ್ತಿನ ಮೇಲೆ ಕೈ ಎಳೆದು ತೋರಿಸಿದ. ಅದನ್ನು ಕಂಡು, ವಿಮಾನದಲ್ಲಿ ಜೊತೆಗೆ ಬಂದಿದ್ದ ಒಬ್ಬಳು ತನ್ನ ಕೈಬಳೆಗಳನ್ನು ನೆಲಕ್ಕೆ ಕುಟ್ಟಿ ಒಡೆದುಕೊಂಡಳು. ಸುತ್ತ ಇದ್ದ ಹೆಂಗಸರ ಕಣ್ಣು ಅವ್ವನ ಕೈಯ ಮೇಲೆ ಬಿತ್ತು. ಅವ್ವ ಎರಡು ಕೈಯನ್ನೂ ತೊಡೆಯ ಕೆಳಗೆ ತೂರಿಸಿಕೊಂಡು ಕೂತಳಂತೆ, ಯಾರೂ ಮುಟ್ಟದ ಹಾಗೆ.

"ಒಗೆ ಬತ್ತಿತ್ತಲ್ಲಕ್ಕ," ಅಂತ ದಾದಿಗೆ ಒಂದೇ ಮಾತು. "ಒಗೆ ಬತ್ತಿತ್ತು ಅಂದ್ಮೇಲೆ ಒಲೆಗೆ ಕಲ್ಲಿದ್ಲು ಆಕೋನು ಒಬ್ಬನಾರ ಇದ್ದ." ಅದನ್ನೇ ಹಿಡಿದುಕೊಂಡು ಆ ದಿನ ಕಳೆದಳು.

ರೈಲು ಬಂದದ್ದು ಮಾರನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ. ಮರಳು ಮೆತ್ತಿಕೊಂಡ ಜನ ಇಳಿದರು. ಗಂಡನೋ ಯಾರೋ ಗೊತ್ತಾಗದ ಹಾಗೆ ಎಲ್ಲರ ಮುಖವೂ ಒಂದೇ ಬಣ್ಣ. ಅವ್ವ ಡಬ್ಬಿಯಿಂದ ಡಬ್ಬಿಗೆ ಓಡಿದಳು. ಕೊನೆಗೆ ಟಾರ್ಪಾಲಿನ ಡಬ್ಬಿಯ ಹತ್ತಿರ ಅಪ್ಪ ನಿಂತಿದ್ದ. ಹಣೆಗೆ ಬಟ್ಟೆ ಕಟ್ಟಿತ್ತು, ಬಟ್ಟೆಯ ಮೇಲೆ ರಕ್ತ ಕರಿಗಟ್ಟಿತ್ತು. ಅವ್ವ ಅವನ ತೋಳು ಮುಟ್ಟಿ ನೋಡಿದಳು. ನಿಜವಾಗಿ ಇದ್ದ.

"ಯಾರು ಒಡುದ್ರು?" ಅಂದಳು. ಮೊದಲ ಮಾತು ಅದೇ.

"ಯಾರೂ ಒಡೀನಿಲ್ಲ ಕಣಮ್ಮಿ." ಅಪ್ಪ ದಾದಿ ಕೊಟ್ಟ ನೀರು ಕುಡಿದು ಕೆಳಗೆ ಕೂತ. "ಮರಳು ಅಳಿ ಮುಚ್ಕಬುಟ್ಟಿತ್ತು. ಗಾಡಿ ಮುಂದ್ಕೆ ಓಗಂಗಿಲ್ಲ, ಇಂದ್ಕೆ ಓಗಂಗಿಲ್ಲ. ಎಲ್ರೂ ಇಳ್ದು ತಟ್ಟೆ, ಡಬರಿ ಏನ್ ಸಿಕ್ತೋ ಅದ್ರಲ್ಲಿ ಮರಳು ಎತ್ತಾಕ್ತಿದ್ದೋ. ಅಟ್ರಲ್ಲಿ ಯಾವೋನೋ ಒಬ್ಬ ಇಮಾನ ತಂದು ತಲೆ ಮೇಲೇ ಇಳ್ಸಬುಟ್ಟ. ರೈಲಿಗೆ ಮೇಲಿಂದ ಬಾಂಬು ಆಕ್ತರೆ ಅಂತ ದಾರೀಲೆಲ್ಲ ಅದೇ ಮಾತು. ಎಲ್ರೂ ಓಡೋಗಿ ಗಾಲಿ ಕೆಳಗೆ ತೂರ್ಕಂಡೋ. ನಂಗೆ ಕಬ್ಣ ಬಡೀತು. ಅವನ್ ಮನೆ ಆಳಾಗ, ಅವನೇನಾರ ನನ್ ಕೈಗೆ ಸಿಕ್ಕಿದ್ರೆ ಸಿಗುದಾಕ್ಬುಡ್ತಿದ್ದೆ."

ಅವ್ವ ಸುಮ್ಮನಿದ್ದುಬಿಡಬಹುದಿತ್ತು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಗಂಡ ಬದುಕಿ ಬಂದಿದ್ದಾನೆ, ಇನ್ನೇನು ಬೇಕು? ಆದರೆ ಆ ಪುಕ್ಕಲು ಹೆಂಗಸಿಗೆ ಭಯ ಬಿಟ್ಟರೆ ಬೇರೆ ಏನನ್ನೂ ಒಳಗೆ ಇಟ್ಟುಕೊಂಡು ಗೊತ್ತಿರಲಿಲ್ಲ.

"ಅವನ್ ತಪ್ಪಲ್ಲ ಕಣಿ," ಅಂದಳು. "ಅದು ನಮ್ ಇಮಾನವೇ. ನಿಮ್ಮ ಮಕ ಕಾಣ್ಲಿ ಅಂತ ನಾನೇ ಕೆಳಕ್ಕೆ ಇಳ್ಸಕ್ಕೇಳ್ದೆ."

ಅಪ್ಪ ಅವಳ ಮುಖ ನೋಡಿದ. ಮಡಿಲಲ್ಲಿದ್ದ ನನ್ನ ಮುಖ ನೋಡಿದ. "ಕೂಸು?" ಅಂದ.

"ನನ್ ಮಡ್ಲಲ್ಲೇ ಇತ್ತು."

ಬೈಯುತ್ತಾನೆ ಅಂದುಕೊಂಡಳು ಅವ್ವ, ಬೈಯಲಿಲ್ಲ. ನಗುತ್ತಾನೋ ಅಂದುಕೊಂಡಳು, ನಗಲೂ ಇಲ್ಲ.

"ನೆನ್ನೆ ಬೆಳಗ್ಗಿಂದ ಮೇಲೆ ಓದ ಇಮಾನಕ್ಕೆಲ್ಲ ಟವಲ್ಲು ಬೀಸ್ದೆ," ಅಂದ. "ಇದ್ಕೊಂದ್ಕೆ ಬೀಸ್ನಿಲ್ಲ. ಗಾಲಿ ಕೆಳಗೆ ಮಕ ಮರಳಿಗೆ ಒತ್ಕಂಡು ಮಾದಪ್ಪಂಗೆ ಅರಕೆ ಮಾಡ್ಕಂಡೆ ಕಣಮ್ಮಿ."

"ಏನಂತ?"

ಅವ್ವ ಮತ್ತೆ ಕೇಳಿದಳು.

"ಆ ಇಮಾನ ಅಲ್ಲೇ ಬಿದ್ದು, ಅದ್ರಲ್ಲಿರೋರೆಲ್ಲ ಸುಟ್ಟು ಬೂದಿಯಾಗ್ಲಿ ಅಂತ. ಅಂಗಾದ್ರೆ ಬೆಟ್ಟಕ್ಕೆ ಬಂದು ಮುಡಿ ಕೊಡ್ತೀನಿ ಅಂದಿದ್ದೆ."

ಪ್ಲಾಟ್‌ಫಾರಂ ಮೇಲೆ ಅಷ್ಟು ಜನರ ಗದ್ದಲ, ಅಳು, ನಗು. ಅಪ್ಪ ನನ್ನನ್ನು ಎತ್ತಿಕೊಳ್ಳುವುದಕ್ಕೆ ಅಂತ ಕೈ ಚಾಚಿದವನು ಮುಟ್ಟುವುದಕ್ಕೆ ಹೆದರಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವ್ವನೇ ನನ್ನನ್ನು ಎತ್ತಿ ಅವನ ತೊಡೆಯ ಮೇಲೆ ಮಲಗಿಸಿದಳು.